ಹೆಸರಿಡುವುದೂ ಬೆಲೆ ತುಂಬುವುದೂ

ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂಬುದು ಎಲ್ಲರೂ ಬಲ್ಲ ಸಂಗತಿ. ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ಆರಂಭವಾಯಿತು. ಆ ಜಲಾಶಯದ ಪೂರ್ಣಮಟ್ಟವು 124.80 ಅಡಿ. ಇದು ಸ್ಥಿರವಾದುದು, ದಿನದಿನದ ನೀರಿನ ಮಟ್ಟವಾದರೋ ಏರಿಳಿಯುತ್ತಲೇ ಇರುವುದು. ಈ ಭೇದವನ್ನು ಗ್ರಹಿಸಿದ ಬಾಲಿಕೆಗೆ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯ ಮೊದಲ ಪಾಠವು ಅರ್ಧ ತಿಳಿದಂತೆಯೇ ಸರಿ.

ಈ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬವರು ರಚಿಸಿದರು. ಇದರಲ್ಲಿ ಬೆಲೆಯೊಂದನ್ನು ಇಟ್ಟುಕೊಳ್ಳಲು ಒಂದು ಹೆಸರನ್ನು ಗೊತ್ತುಮಾಡುವುದೇ ಘೋಷಣೆ. ಆ ಹೆಸರಿಗೆ ಮೊದಲ ಬೆಲೆಯನ್ನು ಕೊಡುವುದು ಆರಂಭಗೊಳಿಸುವಿಕೆ. ಎರಡನ್ನೂ ಒಂದೇ ಸಾಲಿನಲ್ಲಿ ಮಾಡಬಹುದು:

ಕಾನ್ಸ್ಟ್ ಪೂರ್ಣಮಟ್ಟ = 124.80;
ಲೆಟ್ ಇಂದಿನಮಟ್ಟ = 100;

ಕಾನ್ಸ್ಟ್, ಲೆಟ್ ಎಂಬ ಪದಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡತಕ್ಕದ್ದು. ನಾವಿಡುವ ಹೆಸರುಗಳು ಕನ್ನಡದಲ್ಲಿಯೇ ಇರಬಹುದು. ಇಲ್ಲಿ = ಗುರುತಿಗೆ ಸಮವೆಂದು ಅರ್ಥವಲ್ಲ; ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿನಲ್ಲಿ ಇಡು ಎಂಬ ಆಜ್ಞೆ ಅದು.

ನಾಳೆ ನೀರೇರಿದರೆ ‘ಇಂದಿನಮಟ್ಟ = 101;’ ಎಂದರೆ ಸಾಕು; ಲೆಟ್ ಎಂಬುದನ್ನು ಪುನಃ ಬರೆಯಲಾಗದು. ಪೂರ್ಣಮಟ್ಟಕ್ಕೆ ಬೇರೆ ಬೆಲೆಯನ್ನಿಡಹೋದರೆ ಯಂತ್ರವು ದೋಷವನ್ನು ತೋರಿಸಿ ನಿಲ್ಲುವುದು. ಕಾನ್ಸ್ಟ್ ಹೆಸರಿಗೆ ಘೋಷಿಸುವಾಗಲೇ ಬೆಲೆಯನ್ನು ಕೊಡಲೇಬೇಕು. ಈ ಎರಡು ಪದಗಳೂ 2015ರಲ್ಲಿ ಭಾಷೆಯ ನಿಯಮಗಳನ್ನು ಸೇರಿದವು. ಅದಕ್ಕೂ ಮುಂಚೆ ವಾರ್ ಎಂಬ ಪದದಿಂದಲೇ ಘೋಷಿಸುತ್ತಿದ್ದರು. ಹಳೆಯ ಬರಹಗಳಲ್ಲಿ ಅದು ಈಗಲೂ ಕಾಣಸಿಗುವುದು.

ಇನ್ನು ಮುಖ್ಯವಾದ ಮಾತು. ‘ಲೆಟ್ ಇಂದಿನಮಟ್ಟ;’ ಎಂದಷ್ಟೇ ಬರೆದು ಬೆಲೆಯನ್ನು ಕೊಡದಿದ್ದರೆ, ಆ ಹೆಸರಿನಲ್ಲಿ ‘ಅನ್‌ಡಿಫೈನ್ಡ್’, ಅಂದರೆ ‘ಗೊತ್ತುಮಾಡಿಲ್ಲ’ ಎಂಬುದು ಇರುವುದು. ಅದನ್ನು ಪೂರ್ಣಮಟ್ಟದಿಂದ ಕಳೆದರೆ ‘ಸಂಖ್ಯೆಯಲ್ಲ’ ಎಂಬ ಉತ್ತರ ಬರುವುದು. ಇದನ್ನು ಕಂಡು ಬೇಸತ್ತು, ಬೆಲೆ ತಿಳಿಯದಿದ್ದರೂ ಸೊನ್ನೆಯನ್ನು ತುಂಬುವವರುಂಟು. ಆಗ ಯಂತ್ರವು, ಕಟ್ಟೆ ತುಂಬಲು ಇನ್ನೂ 124.80 ಅಡಿ ಬೇಕೆಂದು ಅಳುಕಿಲ್ಲದೆ ಹೇಳುವುದು! ಕಾವೇರಿಯು ಉಕ್ಕಿ ಹರಿಯುವ ದಿನ ಈ ಲೆಕ್ಕವನ್ನು ನಂಬಿದರೆ ನದಿಯ ಕೆಳಗಣ ಊರುಗಳ ಗತಿಯೇನು?

ಮಳೆಯನ್ನು ದಿನದಿನವೂ ಕೂಡಿಸುತ್ತ ಹೋಗುವ ‘ಒಟ್ಟುಮಳೆ’ಯಂಥ ಹೆಸರಿಗೆ ಸೊನ್ನೆಯೇ ಯೋಗ್ಯವಾದ ಆರಂಭ, ಏಕೆಂದರೆ ಆ ಲೆಕ್ಕವು ನಿಜವಾಗಿಯೂ ಸೊನ್ನೆಯಿಂದ ಹೊರಡುವುದು. ಅಳೆಯದಿರುವ ಮಟ್ಟಕ್ಕೆ ಮಾತ್ರ ಅದು ಸಲ್ಲದು. ‘ಇಲ್ಲ’ ಎಂಬುದು ಬೇರೆ, ‘ತಿಳಿಯದು’ ಎಂಬುದು ಬೇರೆ.

ಪೋಷಕರು ತಮ್ಮ ಹೆಣ್ಣುಮಕ್ಕಳಿಗೆ ಮನೆಯ ಖರ್ಚಿನ ಪುಸ್ತಕದಿಂದಲೇ ಈ ಪಾಠವನ್ನು ಆರಂಭಿಸಬಹುದು. ಬದಲಾಗದವು ಯಾವುವು, ಬದಲಾಗುವವು ಯಾವುವು, ಇನ್ನೂ ತಿಳಿಯದವು ಯಾವುವು ಎಂದು ಅವರೇ ವಿಂಗಡಿಸಲಿ. ಅಷ್ಟು ಕಲಿತವರಿಗೆ ಮುಂದಿನ ಪಾಠಗಳು ಸುಲಭವಾಗುವುವೆಂದು ನಾವು ನಂಬಿದ್ದೇವೆ.