35 ಸಾವಿರ ಅಡಿಯಲ್ಲಿ 108 ಬರುವುದಿಲ್ಲ: ವಿಮಾನದ ಎಮರ್ಜೆನ್ಸಿಗೆ 9 ಸೂತ್ರಗಳು

ರಾತ್ರಿ ಹನ್ನೊಂದಕ್ಕೆ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತು ನೋಡಿ. ಏರ್‌ಪೋರ್ಟಿನ ವಾಯು ವಜ್ರಕ್ಕೆ ಕಾಯುವವರಲ್ಲಿ ಎರಡು ಪಂಗಡ. ಒಂದು, ಲ್ಯಾಪ್‌ಟಾಪ್ ಬ್ಯಾಗಿನ ಆನ್‌ಸೈಟ್ ಹುಡುಗರು. ಇನ್ನೊಂದು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮ. ಉಪ್ಪಿನಕಾಯಿ ಡಬ್ಬಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿರುತ್ತಾರೆ. ಬಿಪಿ ಮಾತ್ರೆ ಯಾವ ಸೂಟ್‌ಕೇಸಿನಲ್ಲಿದೆ ಎಂದು ಕೇಳಿ, ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ, ಬರೀ ಮಹಿಳಾ ಪೈಲಟ್‌ಗಳ ಕೈಯಲ್ಲಿ, ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ನೇರವಾಗಿ ಬಂದು ಇಳಿಯಿತು. ಸುಮಾರು 17 ಗಂಟೆ. ಅಂಥ ಹಾರಾಟದ ನಡುವೆ ಪಕ್ಕದ ಸೀಟಿನವರು ಎದೆ ಹಿಡಿದುಕೊಂಡರೆ? ನೀವೇ 108. 'ನಾನೇನು ಡಾಕ್ಟರಾ?' ಅನ್ನುವುದು ಬರೀ ಒಂದು ಅಭ್ಯಾಸ. ಇವತ್ತೇ ಬಿಡಿ.

1. ಎಷ್ಟು ಎತ್ತರಕ್ಕೆ ಹೋಗುತ್ತೀರಿ, ತಿಳಿದುಕೊಳ್ಳಿ.
ಕ್ಯಾಬಿನ್ನಿನೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಅದು 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6,330 ಅಡಿ. ಅಂದರೆ ಶ್ವಾಸಕೋಶ ಕೆಟ್ಟಿರುವ ತಾತನನ್ನು ಮುಳ್ಳಯ್ಯನಗಿರಿಯ ನೆತ್ತಿಗೋ ಅದಕ್ಕೂ ಮೇಲಕ್ಕೋ ಕರೆದೊಯ್ದು ಹತ್ತು ಗಂಟೆ ಕೂರಿಸಿದ ಹಾಗೆ. ಗಟ್ಟಿ ಆಳಿಗೂ ರಕ್ತದ ಆಕ್ಸಿಜನ್ ಒಂದಿಷ್ಟು ಇಳಿಯುತ್ತದೆ, ಅವನಿಗೆ ಗೊತ್ತಾಗುವುದಿಲ್ಲ ಅಷ್ಟೆ. ಹಾರಾಟದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬ ವಿದ್ಯೆಯ ದೊಡ್ಡ ಮನೆ ನಮ್ಮ ಪಕ್ಕದಲ್ಲೇ ಇದೆ: ವಿಮಾನಪುರದಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಕೆ.ಆರ್. ಪುರದ ಎಷ್ಟೋ ಜನ ದಿನಾ ಅದರ ಮುಂದೆಯೇ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ.

2. ಮಾತ್ರೆ ಕೈಚೀಲದಲ್ಲೇ ಇರಲಿ.
ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಬ್ಯಾಗ್ ಕಳೆದುಹೋಗುತ್ತದೆ. ಹೋಗದಿದ್ದರೂ ನಡುದಾರಿಯಲ್ಲಿ ಕೈಗೆ ಸಿಗುವುದಿಲ್ಲ. ಕಾರ್ಗೋದ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಮತ್ತೆ ಕೆಲಸಕ್ಕೆ ಬಾರದು. ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ. ಟೈಮ್ ಜೋನ್ ಬದಲಾದಾಗ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

3. ಒಂದು ಕಾರ್ಡ್ ಬರೆಯಿರಿ. ಇಂಗ್ಲಿಷಿನಲ್ಲಿ.
ಹೆಸರು, ವಯಸ್ಸು, ಕಾಯಿಲೆ, ಮಾತ್ರೆಯ ಜೆನೆರಿಕ್ ಹೆಸರು, ಡೋಸ್, ಅಲರ್ಜಿ, ಮನೆಯವರ ಫೋನ್ ನಂಬರ್. 'ಬೆಳಗ್ಗೆ ಒಂದು ಬಿಳೀದು, ರಾತ್ರಿ ಅರ್ಧ ಗುಲಾಬೀದು' ಎಂಬ ಭಾಷೆ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನವನಿಗೆ ಅರ್ಥವಾದೀತು. ಫ್ರಾಂಕ್‌ಫರ್ಟಿನ ವೈದ್ಯರಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಕವರಿನೊಳಗೆ ಸಿಕ್ಕಿಸಿಡಿ. ಅಪ್ಪ ಅಮ್ಮನನ್ನು ಕಳಿಸುವ ಮಕ್ಕಳೇ, ಇದು ನಿಮ್ಮ ಕೆಲಸ. ಅವರಿಗೆ ಬಿಡಬೇಡಿ.

4. ಕಾಯಿಲೆ ಮುಚ್ಚಿಟ್ಟು ಹತ್ತಬೇಡಿ.
ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದೆಯೇ? ಆಪರೇಷನ್ ಆಗಿದೆಯೇ? ಡಾಕ್ಟರನ್ನು ಕೇಳಿ, ಏರ್‌ಲೈನಿಗೆ ತಿಳಿಸಿ. ಅದಕ್ಕೆಂದೇ ಒಂದು ಮೆಡಿಕಲ್ ಫಾರ್ಮ್ ಇದೆ. ರೆಟಿನಾ ಸರ್ಜರಿಯಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ, ಅದು ಕರಗುವವರೆಗೆ ವಿಮಾನವೇ ಬೇಡ. ಮೇಲೆ ಹೋದಂತೆ ಗ್ಯಾಸ್ ಹಿಗ್ಗುತ್ತದೆ, ಕಣ್ಣೇ ಹೋಗಬಹುದು. 'ಹೇಳಿದರೆ ಹತ್ತಿಸಲ್ಲ' ಎಂಬ ಜಾಣತನ ದುಬಾರಿ.

5. ಬಟನ್ ಒತ್ತಿ. ನಾಲ್ಕು ಮಾತಿನಲ್ಲಿ ಮುಗಿಸಿ.
'ಏನು ಅಂದುಕೊಳ್ಳುತ್ತಾರೋ' ಎಂದು ಹಿಂಜರಿದು ಹತ್ತು ನಿಮಿಷ ಕಳೆಯುವವರು ಬಹಳ. ಆ ಸಂಕೋಚ ನೆಲದ ಮೇಲೆ ಬಿಟ್ಟು ಬನ್ನಿ. ತಲೆಯ ಮೇಲಿನ ಕಾಲ್ ಬಟನ್ ಒತ್ತಿ. ಸೀಟ್ ನಂಬರ್, ಎಚ್ಚರ ಇದೆಯೋ ಇಲ್ಲವೋ, ಉಸಿರು ಹೇಗಿದೆ, ಯಾವಾಗಿನಿಂದ: ಇಷ್ಟು ಹೇಳಿ. ಗಗನಸಖಿಯರ ತರಬೇತಿ ಕಾಫಿ ಕೊಡುವುದಕ್ಕಷ್ಟೇ ಅಲ್ಲ. ಪ್ರಥಮ ಚಿಕಿತ್ಸೆಯೂ ಅದರಲ್ಲಿ ಸೇರಿದೆ.

6. ತಲೆಸುತ್ತಿ ಬಿದ್ದವರನ್ನು ಎತ್ತಿ ಕೂರಿಸಬೇಡಿ.
2013ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಐದು ವಿಮಾನ ಸಂಸ್ಥೆಗಳ 11,920 ಎಮರ್ಜೆನ್ಸಿಗಳನ್ನು ಲೆಕ್ಕ ಹಾಕಿತ್ತು. ಪ್ರತಿ 604 ಹಾರಾಟಕ್ಕೆ ಒಂದು. ಅದರಲ್ಲಿ ಶೇ 37ರಷ್ಟು ಬರೀ ತಲೆಸುತ್ತು, ಮೂರ್ಛೆ. ಖಾಲಿ ಹೊಟ್ಟೆ, ನಿದ್ದೆಗೇಡು, ಬಿಟ್ಟಿ ವೈನು, ಗಂಟೆಗಟ್ಟಲೆ ಕೂತ ಕಾಲು: ಎಲ್ಲ ಸೇರಿದರೆ ಟಾಯ್ಲೆಟ್ ಬಾಗಿಲಲ್ಲೇ ಕುಸಿತ. ಮಲಗಿಸಿ. ಕಾಲು ಎತ್ತರಕ್ಕಿಡಿ. ಕಾಲರ್, ಬೆಲ್ಟ್ ಸಡಿಲಿಸಿ. ಪೂರ್ತಿ ಎಚ್ಚರವಾಗುವ ಮುಂಚೆ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಶುಗರ್ ಇರುವವರಾದರೆ ಎಚ್ಚರವಾದ ಮೇಲೆ ಜ್ಯೂಸ್ ಕೊಡಿ.

7. ಸಿಪಿಆರ್ ಕಲಿಯಿರಿ. ಈ ತಿಂಗಳೇ.
ಅದೇ ಅಧ್ಯಯನದಲ್ಲಿ ಪ್ರಯಾಣಿಕರ ನಡುವಿನ ವೈದ್ಯರು ಕೈಜೋಡಿಸಿದ್ದು ಶೇ 48ರಷ್ಟು ಸಲ ಮಾತ್ರ. ಉಳಿದರ್ಧದಲ್ಲಿ ಬೇರೆಯವರೇ ನಿಭಾಯಿಸಬೇಕು. ಅದು ನೀವೇ ಆಗಿರಬಹುದು. ಎಚ್ಚರ ಇಲ್ಲ, ಸರಿಯಾದ ಉಸಿರೂ ಇಲ್ಲ ಅಂದರೆ ಶುರು ಮಾಡಿ. ಸೀಟಿನ ಮೇಲೆ ಬೇಡ, ಕುಷನ್ ನಿಮ್ಮ ಬಲವನ್ನೆಲ್ಲ ನುಂಗುತ್ತದೆ. ಗ್ಯಾಲಿಯ (ವಿಮಾನದ ಅಡುಗೆ ಜಾಗದ) ಗಟ್ಟಿ ನೆಲಕ್ಕೆ ಎಳೆದುಕೊಳ್ಳಿ, ಅಲ್ಲಿ ಮೊಣಕಾಲೂರಲು ಜಾಗವಿದೆ. ಎದೆಯ ನಡುವೆ ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಚದೆ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120. ಗೋಡೆ ಗಡಿಯಾರದ ಒಂದು ಟಿಕ್‌ಗೆ ಎರಡು ಒತ್ತು ಅಂತ ಮನೆಯಲ್ಲೇ ದಿಂಬಿನ ಮೇಲೆ ಅಭ್ಯಾಸ ಮಾಡಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ನಾಚದೆ ಇನ್ನೊಬ್ಬರಿಗೆ ಬಿಟ್ಟುಕೊಡಿ. ವಿಮಾನದಲ್ಲಿ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದ್ದರೆ, ಅಷ್ಟರಲ್ಲಿ ಕ್ರೂ ತಂದಿರುತ್ತಾರೆ. ಆ ಯಂತ್ರ ತಾನೇ ಮಾತಾಡಿ ದಾರಿ ತೋರಿಸುತ್ತದೆ. ಹೇಳಿದ ಹಾಗೆ ಮಾಡಿ.

ಇದು ಕಾಗದದ ಮಾತಲ್ಲ. 2023ರ ಆಗಸ್ಟ್ 27ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಸ್ತಾರ ವಿಮಾನದಲ್ಲಿ, ಹೃದಯದ ಸರ್ಜರಿ ಆಗಿದ್ದ ಎರಡು ವರ್ಷದ ಮಗುವಿನ ನಾಡಿ ನಿಂತಿತು. ವಿಮಾನದಲ್ಲಿದ್ದ ಏಮ್ಸ್‌ನ ಐವರು ವೈದ್ಯರು ಸಿಪಿಆರ್, ಎಇಡಿ ಎರಡೂ ಹಿಡಿದು 45 ನಿಮಿಷ ಹೋರಾಡಿ, ನಾಡಿ ಮರಳಿಸಿ, ನಾಗಪುರದಲ್ಲಿ ಇಳಿಸಿದರು. ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ಮಗು ತೀರಿಕೊಂಡಿತು. ಎಲ್ಲ ಹೋರಾಟವೂ ಗೆಲ್ಲುವುದಿಲ್ಲ. ಆದರೆ ಒತ್ತದೆ ಬಿಟ್ಟ ಎದೆ ತಾನಾಗಿ ಮತ್ತೆ ಮಿಡಿದದ್ದು ಅಪರೂಪದಲ್ಲಿ ಅಪರೂಪ.

8. ಇನ್ನೂರು ಕೈಚೀಲ ಅಂದರೆ ಒಂದು ಕ್ಲಿನಿಕ್.
2022ರ ನವೆಂಬರ್. ಬರ್ಮಿಂಗ್‌ಹ್ಯಾಮಿನ ಲಿವರ್ ತಜ್ಞ ಡಾ. ವಿಶ್ವರಾಜ್ ವೇಮಲ ತಾಯಿಯನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ವಿಮಾನದಲ್ಲಿ 43 ವರ್ಷದ ಪ್ರಯಾಣಿಕರೊಬ್ಬರ ಹೃದಯ ನಿಂತಿತು. ಸುಮಾರು ಒಂದು ಗಂಟೆ ಹೋರಾಡಿ ಎಚ್ಚರ ತಂದರು. ಹೃದಯ ಮತ್ತೆ ನಿಂತಿತು, ಮತ್ತೆ ತಂದರು. ಆಕ್ಸಿಮೀಟರ್, ಗ್ಲುಕೋಮೀಟರ್, ಬಿಪಿ ಯಂತ್ರ ಎಲ್ಲ ಎಲ್ಲಿಂದ? ಸಹ ಪ್ರಯಾಣಿಕರಿಂದ ಬೇಡಿ ಪಡೆದದ್ದು! ವಿಮಾನ ಮುಂಬೈನಲ್ಲಿ ಇಳಿಯಿತು, ರೋಗಿ ಬದುಕಿದರು. ಆದ್ದರಿಂದ ಗಟ್ಟಿಯಾಗಿ ಕೇಳಿ: 'ಯಾರ ಹತ್ತಿರ ಶುಗರ್ ನೋಡುವ ಯಂತ್ರ ಇದೆ?' ನಿಮ್ಮ ಹತ್ತಿರ ಇದ್ದರೆ, ಕೇಳುವ ಮುಂಚೆಯೇ ಎತ್ತಿ ತೋರಿಸಿ. ನರ್ಸಿಂಗ್, ಮೆಡಿಕಲ್ ವಿದ್ಯಾರ್ಥಿಗಳೇ, ಅನೌನ್ಸ್‌ಮೆಂಟ್ ಬಂದಾಗ ಕಂಬಳಿ ಹೊದ್ದುಕೊಳ್ಳಬೇಡಿ. ಎಷ್ಟು ಓದಿದ್ದೀರೋ ಅಷ್ಟೇ ಹೇಳಿ, ಎದ್ದು ಬನ್ನಿ.

9. 'ಇಳಿಸಿ, ಇಳಿಸಿ' ಎಂದು ಕೂಗಬೇಡಿ. ಟೈಮ್ ಬರೆಯಿರಿ.
ಎಲ್ಲಿ ಇಳಿಸಬೇಕು ಎನ್ನುವುದು ಕ್ಯಾಪ್ಟನ್ ನಿರ್ಧಾರ. ನೆಲದ ಮೇಲಿನ ವೈದ್ಯರ ಜತೆ ಮಾತಾಡಿ, ಇಂಧನ, ಹವೆ, ಹತ್ತಿರದ ಆಸ್ಪತ್ರೆ ಎಲ್ಲ ತೂಗಿ ಅವರು ತೀರ್ಮಾನಿಸುತ್ತಾರೆ. 2013ರ ಆ ಅಧ್ಯಯನದಲ್ಲಿ ವಿಮಾನದ ದಾರಿ ಬದಲಿಸಿದ್ದು ಶೇ 7ರಷ್ಟು ಸಲ ಮಾತ್ರ. ನಿಮ್ಮ ಪಾಲಿಗೆ ಪೆನ್ನಿನ ಕೆಲಸ ಇದೆ. ಎಷ್ಟು ಹೊತ್ತಿಗೆ ಕುಸಿದರು, ಎಷ್ಟಕ್ಕೆ ಮಾತ್ರೆ, ಎಷ್ಟಕ್ಕೆ ಶಾಕ್, ಬಿಪಿ ಎಷ್ಟು. ಬೆಂಗಳೂರು ಟೈಮೋ ಲಂಡನ್ ಟೈಮೋ, ಹಿಡಿದದ್ದನ್ನು ಕೊನೆಯವರೆಗೂ ಬದಲಿಸಬೇಡಿ. ಕಾಗದ ಇಲ್ಲವೆ? ಮುಂದಿನ ಸೀಟಿನ ಜೇಬಿನಲ್ಲಿ ವಾಂತಿ ಚೀಲ ಇರುತ್ತದೆ, ಅದರ ಮೇಲೆ ಬರೆಯಿರಿ. ಬಾಗಿಲು ತೆರೆದು ಸ್ಟ್ರೆಚರ್ ಹಿಡಿದು ಬಂದವರ ಕೈಗೆ ಮೊದಲು ಅದನ್ನು ಕೊಡಿ.