ಹಾಲಿನ ಗಾಡಿ ಸ್ಟಾರ್ಟ್ ಆಗದಿದ್ದರೆ



ಬೆಳಗಿನ ಹಾಲು ಕ್ಯಾನಿಗೆ ತುಂಬಿದೆ, ಹಳೆಯ ಡೀಸೆಲ್ ಗಾಡಿ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ತಡವಾದಷ್ಟೂ ಹಾಲು ಹುಳಿಯಾಗುವ ಭಯ. ಗಾಬರಿಯಾಗದೆ ಈ ಕ್ರಮದಲ್ಲಿ ನೋಡಿ.

1. ಸೆಲ್ಫ್ ತಿರುಗುತ್ತಿಲ್ಲವೇ? ಹೆಡ್‌ಲೈಟ್ ಹಾಕಿ. ಮಂಕಾಗಿದ್ದರೆ ದೋಷ ಬ್ಯಾಟರಿ ಕಡೆಯದು. ಟರ್ಮಿನಲ್‌ಗೆ ಹಿಡಿದ ಪುಡಿಯನ್ನು ಬರಿಗೈಯಲ್ಲಿ ಮುಟ್ಟದೆ ಬಿಸಿನೀರಿನಿಂದ ತೊಳೆದು, ಒರೆಸಿ, ವೈರ್ ಬಿಗಿ ಮಾಡಿ.

2. ಸೆಲ್ಫ್ ಚೆನ್ನಾಗಿ ತಿರುಗಿದರೂ ಸೈಲೆನ್ಸರ್‌ನಲ್ಲಿ ಹೊಗೆಯೇ ಬಾರದಿದ್ದರೆ ಎಂಜಿನ್‌ಗೆ ಡೀಸೆಲ್ ಹೋಗುತ್ತಿಲ್ಲ. ಟ್ಯಾಂಕ್ ನೋಡಿ. ಎಂಜಿನ್ ನಿಲ್ಲಿಸುವ ನಾಬ್ ಎಳೆದಂತೆಯೇ ಉಳಿದಿದ್ದರೆ ಒಳಕ್ಕೆ ತಳ್ಳಿ.

3. ಟ್ಯಾಂಕ್ ಬರಿದಾಗಿ ಮತ್ತೆ ತುಂಬಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ.

4. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಚಳಿಯ ದಿನಗಳಲ್ಲಿ ಹೀಟರ್ ಪ್ಲಗ್ ಪರೀಕ್ಷಿಸಿರಿ.

ಸೆಲ್ಫ್ ಅನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಒಂದು ನಿಮಿಷ ಬಿಟ್ಟು ಪ್ರಯತ್ನಿಸಿ. ಏರ್ ಫಿಲ್ಟರ್‌ಗೆ ಪೆಟ್ರೋಲ್ ಸುರಿಯಲೇಬೇಡಿ, ಬೆಂಕಿ ಹತ್ತೀತು.

ಅರ್ಧ ಗಂಟೆಯಲ್ಲಿ ಆಗದಿದ್ದರೆ ಬೇರೆ ಗಾಡಿ ಕರೆಸಿ. ಅಲ್ಲಿಯವರೆಗೆ ಕ್ಯಾನುಗಳನ್ನು ನೆರಳಿನಲ್ಲಿ, ತಣ್ಣೀರಿನ ತೊಟ್ಟಿಯಲ್ಲಿಡಿ. ಡೀಸೆಲ್ ಕೈಯಲ್ಲಿ ಕ್ಯಾನ್ ಮುಟ್ಟಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ.