ಸಹಾಯಾರ್ಥ ಕಚೇರಿ: ಶ್ರುತಿಗಿಂತ ಮೊದಲು ಲೆಕ್ಕ

1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಕಾರ್ಯಕ್ರಮ ನಡೆಸಿದರು. ಟಿಕೆಟ್‌ನಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಸೇರಿತು. ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತ ಮಾತ್ರ ಅಮೆರಿಕದ ತೆರಿಗೆ ತಪಾಸಣೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ತೆರಿಗೆ ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಹಾಕದೇ ಇದ್ದದ್ದೇ ಕಾರಣ. ನಿಮ್ಮೂರಿನ ಸಣ್ಣ ಸಭಾಂಗಣದ ಕಚೇರಿಗೂ ಇದೇ ಎಚ್ಚರ ಬೇಕು.

1. ಉದ್ದೇಶ ಖಚಿತವಿರಲಿ
'ಬಡವರ ಸಹಾಯಾರ್ಥ' ಎಂದರೆ ಸಾಲದು. ಯಾವ ಶಾಲೆಯ ಕೊಠಡಿ, ಯಾವ ಆಸ್ಪತ್ರೆಯ ಯಂತ್ರ, ಎಷ್ಟು ಹಣ ಎಂಬುದನ್ನು ಬರೆದಿಡಿ. ನೆರವು ಪಡೆಯುವ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಿರಿ.

2. ಹಣದ ದಾರಿ ನೇರವಿರಲಿ
ಸಂಘಟಕರ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬರಬಾರದು. ಕ್ಯೂಆರ್ ಕೋಡ್ ನೋಂದಾಯಿತ ಟ್ರಸ್ಟಿನದೇ ಆಗಿರಲಿ. 80ಜಿ ಎಂದು ಪರಿಚಿತವಾದ ತೆರಿಗೆ ರಿಯಾಯಿತಿ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಟಿಕೆಟ್ ಬೇರೆ, ದೇಣಿಗೆ ಬೇರೆ, ರಸೀದಿಗಳೂ ಬೇರೆಯಾಗಿರಲಿ. ಹೊರದೇಶದ ಕನ್ನಡಿಗರಲ್ಲಿ ಭಾರತೀಯ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ವಿದೇಶಿ ಪೌರತ್ವ ಪಡೆದವರ ದೇಣಿಗೆ ಸ್ವೀಕರಿಸಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕೇ ಬೇಕು.

3. ಖರ್ಚು ಮೊದಲೇ ಹೊಂದಿಸಿ
ಸಭಾಂಗಣ, ಧ್ವನಿವರ್ಧಕ, ಪ್ರಯಾಣ, ಊಟ ಎಲ್ಲದರ ಪಟ್ಟಿ ಮಾಡಿ. ಈ ವೆಚ್ಚವನ್ನು ಪ್ರಾಯೋಜಕರಿಂದ, ಸ್ಮರಣ ಸಂಚಿಕೆಯ ಜಾಹೀರಾತುಗಳಿಂದ ತುಂಬಿಸಿಕೊಂಡರೆ ಟಿಕೆಟ್ ಹಣವೆಲ್ಲ ಉದ್ದೇಶಕ್ಕೇ ಉಳಿಯುತ್ತದೆ.

4. ಪಕ್ಕವಾದ್ಯದವರನ್ನು ಮರೆಯಬೇಡಿ
ಎಂ.ಎಸ್. ಸುಬ್ಬುಲಕ್ಷ್ಮಿ 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದರು. ಇಂಥ ಸಹಾಯಾರ್ಥ ಕಚೇರಿಗಳ ದೀರ್ಘ ಸೇವೆಗೆ ಅವರಿಗೆ 1974ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಮುಖ್ಯ ಕಲಾವಿದರು ಸಂಭಾವನೆ ಬಿಟ್ಟುಕೊಟ್ಟರು ಎಂದು ಮೃದಂಗ, ಘಟ, ಪಿಟೀಲು ನುಡಿಸುವವರೂ ಬಿಡಬೇಕೆಂದೇನಿಲ್ಲ. ಎಷ್ಟೋ ಮಂದಿಗೆ ಅದೇ ಜೀವನೋಪಾಯ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ; ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿರಲಿ.

5. ಅನುಮತಿಗಳು
ದಾಸರ ಪದ, ತ್ಯಾಗರಾಜರ ಕೃತಿಗಳ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುವುದರಿಂದ ಬೇಂದ್ರೆ, ಕುವೆಂಪು ಅವರ ಭಾವಗೀತೆಗಳಿಗೆ ಅನುಮತಿ ವಿಚಾರಿಸಿ. ಚಿತ್ರಗೀತೆಗಳಿದ್ದರೆ ಹಾಡುಗಳ ಪ್ರದರ್ಶನ ಹಕ್ಕು ನಿರ್ವಹಿಸುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ನೋಡಿಕೊಳ್ಳಿ. ಬಯಲು ವೇದಿಕೆಯ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ನಿಷಿದ್ಧ.

6. ವೇದಿಕೆಯಲ್ಲಿ
ಮನವಿಯನ್ನು ಕಚೇರಿಯ ನಡುವೆಯೇ, ಐದು ನಿಮಿಷದಲ್ಲಿ ಮುಗಿಸಿ. ಮಂಗಳ ಹಾಡುವ ಹೊತ್ತಿಗೆ ಜನ ಬಸ್ಸಿನ ಆತುರದಲ್ಲಿರುತ್ತಾರೆ. ರೋಗಿಗಳನ್ನಾಗಲಿ ಮಕ್ಕಳನ್ನಾಗಲಿ ವೇದಿಕೆಗೆ ಕರೆಸಿ ಕರುಣೆ ಬೇಡಿಸಬೇಡಿ. ನೆರವು ಪಡೆಯುವವರ ಮಾನ ಕಾಯುವುದೂ ಸಂಘಟಕರ ಹೊಣೆ.

7. ಲೆಕ್ಕ ಒಪ್ಪಿಸಿ
ತಿಂಗಳೊಳಗೆ ಆದಾಯ, ಖರ್ಚು, ಹಸ್ತಾಂತರಿಸಿದ ಮೊತ್ತವನ್ನು ಒಂದೇ ಪುಟದಲ್ಲಿ ಬರೆದು ಕಲಾವಿದರಿಗೆ, ದಾನಿಗಳಿಗೆ, ಪ್ರಾಯೋಜಕರಿಗೆ ಕಳಿಸಿ. ಆರು ತಿಂಗಳ ನಂತರ ಆ ಹಣದಿಂದ ಏನಾಯಿತೆಂದೂ ತಿಳಿಸಿ. ಮುಂದಿನ ವರ್ಷ ನೀವು ಮತ್ತೆ ಕೈಚಾಚಿದಾಗ ಜನ ನಂಬಿ ಕೊಡುವುದು ಈ ಪುಟವನ್ನು ನೋಡಿಯೇ.